ಕೊಂಡಿ ಕಿತ್ತು ಬಂತು

ನನ್ನ ಟಂಟಂ ಗಾಡಿಯಲ್ಲಿ ನಾನು ಹೆದರದೆ ಇದ್ದದ್ದು ಒಂದಕ್ಕೇ, ರಿವರ್ಸ್ ಹಾಕುವ ಹಿಡಿಕೆಗೆ. ಬ್ರೇಕಿಗೆ ಹೆದರುತ್ತಿದ್ದೆ, ಟೈರಿಗೆ ಹೆದರುತ್ತಿದ್ದೆ, ಮೂರೇ ಗಾಲಿಯ ಮೇಲೆ ಅಷ್ಟೊಂದು ನೂಲಿನ ಗಂಟು ಹೇಗೆ ನಿಂತಿದೆ ಎಂದು ಗುಡೂರು ದಾರಿಯ ಪ್ರತಿ ತಿರುವಿನಲ್ಲೂ ಹೆದರುತ್ತಿದ್ದೆ. ಕೈಬ್ರೇಕಿನ ಮೇಲೆ ನಂಬಿಕೆ ಸಾಲದೆ ಸೀಟಿನ ಕೆಳಗೆ ಕೆಂಪು ಗ್ರಾನೈಟಿನ ತುಂಡೊಂದನ್ನು ಇಟ್ಟುಕೊಂಡಿದ್ದೆ. ಎಲ್ಲಿ ನಿಂತರೂ ಮೊದಲು ಇಳಿದು ಅದನ್ನು ಗಾಲಿಗೆ ಒಡ್ಡುವುದು. ಇಳಕಲ್ಲಿನಲ್ಲಿ ಕಲ್ಲಿಗೇನು ಬರ?

"ಇಂವ ಗಾಡಿ ಹೊಡಿಯಾಂವಲ್ಲ, ಕಲ್ಲಿನ ಮೆರವಣಿಗಿ ಮಾಡಾಂವ" ಎಂದು ನಮ್ಮ ಅಕ್ಕನ ಎದುರುಮನೆಯ ಕಾಕಾ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

ಅಕ್ಕನ ಮನೆ ಆ ಓಣಿಯ ತುದಿಗೆ. ಅಲ್ಲಿಂದಾಚೆ ದಾರಿಯಿಲ್ಲ. ಓಣಿ ಅವಳ ಬಾಗಿಲಿನ ಕಡೆಗೇ ಇಳಿಜಾರು. ಅಗಲ ನನ್ನ ಗಾಡಿಗೆ ಸರಿಯಾಗಿ, ನನ್ನ ಧೈರ್ಯಕ್ಕೆ ಸ್ವಲ್ಪ ಕಡಿಮೆ. ಬೆಳಕಿಗೆಂದು ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗವನ್ನು ಬಾಗಿಲಿಗೆ ಹತ್ತಿಯೇ ಹೂಡಿದ್ದಾಳೆ. ಆಗ ಆ ಮಗ್ಗದ ಮೇಲಿದ್ದದ್ದು ನನ್ನ ಮಗಳ ಕುಬಸದ ಸೀರೆ, ಹಸಿರು ಒಡಲು, ಕೆಂಪು ಸೆರಗು. ಚೊಚ್ಚಲ ಬಸುರಿಗೆ ಕುಬಸದಲ್ಲಿ ಸೋದರತ್ತೆಯೇ ನೇಯ್ದ ಸೀರೆ ಉಡಿಸುವುದು ನಮ್ಮ ಮನೆತನದ ಪದ್ಧತಿ. ಕಣ್ಣಿನ ಆಪರೇಶನ್ ಆದ ಮೇಲೂ ಅಕ್ಕ ಹಟ ಬಿಟ್ಟಿರಲಿಲ್ಲ. ಕುಬಸಕ್ಕೆ ವಾರವೊಂದು ಉಳಿದಿತ್ತು. ಕುಬಸವನ್ನು ಬೇಕಾದರೆ ಮುಂದಕ್ಕೆ ಹಾಕಬಹುದು, ಹೊಟ್ಟೆಯೊಳಗಿನ ಕೂಸನ್ನು ಹಾಕಲಾಗದು.

ನಮ್ಮೂರ ಸೀರೆಯಲ್ಲಿ ಒಡಲಿನ ಉದ್ದೆಳೆಗಳ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕುಣಿಕೆ ಮಾಡಿ ಸಿಕ್ಕಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಇಬ್ಬರು ಕೂತು ಮಾಡುವ ಕೆಲಸ. ಕೊಂಡಿ ಹಾಕುವಾಗ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಕೆಮ್ಮು ಬಂದರೆ ಎದ್ದು ಹೊರಗೆ ಹೋಗಿ ಕೆಮ್ಮಬೇಕು. ಅರ್ಧಕ್ಕೆ ಕೈ ಸಡಿಲಾಯಿತೋ, ಎಳೆಗಳೆಲ್ಲ ಜಾರಿ ಗೋಜಲು. ಹಾಸು ಒಂದೊಂದು ಸೀರೆಗೆ ಒಂದೊಂದೇ. ಅದು ಕೆಟ್ಟರೆ ಸೀರೆಯೇ ಹೋದ ಹಾಗೆ.

ಅವತ್ತು ಬೆಳಿಗ್ಗೆ ನೂಲು ಮತ್ತು ಹೆಂಡತಿ ಇಬ್ಬರನ್ನೂ ಅಲ್ಲಿ ಇಳಿಸಿದೆ. ಅವಳು ಅಕ್ಕನ ಎದುರು ಕೊಂಡಿಗೆ ಕೂತಳು. ನಾನು ಕಾಕಾನ ಕಟ್ಟೆಯ ಮೇಲೆ ಚಹಾ ಕುಡಿದು, ಗಾಲಿಯ ಕೆಳಗಿನ ಕಲ್ಲು ತೆಗೆದು, ಸೀಟಿನಲ್ಲಿ ಕೂತು ಕೈಬ್ರೇಕ್ ಬಿಟ್ಟೆ. ಹಿಂದಕ್ಕೆ ಹೋಗಲೆಂದು ರಿವರ್ಸ್ ಹಿಡಿಕೆ ಎಳೆದೆ.

ಹಿಡಿಕೆ ಬಂತು. ಇಡಿಯಾಗಿ ಬಂತು. ಮೂಲಂಗಿ ಕಿತ್ತ ಹಾಗೆ ಕೈಯಲ್ಲಿ ಬಂತು, ತುದಿಯಲ್ಲಿ ಮುರಿದ ಕೊಂಡಿಯೊಂದು ಜೋತಾಡುತ್ತಿತ್ತು. ಕಾಲು ಬ್ರೇಕನ್ನು ಹುಡುಕುವಷ್ಟರಲ್ಲಿ ಗಾಡಿ ಗೇಣು ಮುಂದೆ ಜಾರಿ ಅಕ್ಕನ ಹೊಸ್ತಿಲಿಗೆ ಧಡ್ ಎಂದು ಬಡಿಯಿತು. ನನಗೇ ಗೊತ್ತಿಲ್ಲದೆ ನನ್ನ ಬಾಯಿ ಕೂಗಿತು:

"ಅಯ್ಯಯ್ಯೋ, ಕೊಂಡಿ ಕಿತ್ತು ಬಂತು!"

ಒಳಗಿನಿಂದ ಅಕ್ಕ ಚೀರಿದಳು. ಹೊಸ್ತಿಲ ಸದ್ದು, ಮೇಲೆ ಈ ಮಾತು. ಮಗ್ಗದ ಗೂಟ ಕಿತ್ತು ತಾನು ಹಾಕುತ್ತಿದ್ದ ಕೊಂಡಿಯೇ ಬಂತೆಂದು ಗಾಬರಿಯಾಗಿ ಅವಳು ಎರಡೂ ಕೈ ಎತ್ತಿಬಿಟ್ಟಿದ್ದಳು. ಆಗ ಖರೇನೇ ಕಿತ್ತು ಬಂತು.

ಗಾಡಿಯ ಮೂತಿ ಬಾಗಿಲನ್ನು ಮುಚ್ಚಿತ್ತು. ಸಂದಿನಲ್ಲಿ ಇಣುಕಿದೆ. ಕೆಂಪು ಎಳೆಗಳು ಹಸಿರಿನ ಮೇಲೆ ಸೋತು ಬಿದ್ದಿದ್ದವು.

"ಏನ್ ಕಿತ್ತೈತ್ರಿ?" ಎಂದಳು ಹೆಂಡತಿ, ಉಸಿರೇ ಇಲ್ಲದ ದನಿಯಲ್ಲಿ.

"ಗಾಡೀದು... ಗಾಡೀ ಕೊಂಡಿ..."

"ಗಾಡಿಗೂ ಕೊಂಡಿ ಇರ್ತೈತೇನ್ರಿ?"

ಹಿಂದಿನಿಂದ ಕಾಕಾ ಹಣೆ ಬಡಿದುಕೊಂಡ. "ಲೇ ತಮ್ಮಾ, ಅದಕ ಹಿಡಿಕಿ ಅನ್ನು, ದಂಡಿ ಅನ್ನು, ಸುಡಗಾಡ ಅನ್ನು! ನಿನ್ನ ಬಾಯಿಗೆ ಈ ಓಣ್ಯಾಗ ಅದೊಂದ ಮಾತ ಸಿಕ್ತೇನ?"

ಹುನಗುಂದ ರಸ್ತೆಯ ಮೆಕ್ಯಾನಿಕನಿಗೆ ಫೋನ್ ಹಚ್ಚಿದೆ. ಅವನು ನಿರಾಳವಾಗಿ, "ಹಿಂದಕ ಬರದಿದ್ರ ಮುಂದಕ ಹೊಡಕೊಂಡ ಬರ್ರಿ, ಯಜಮಾನ್ರ" ಎಂದ.

"ಮುಂದ ನಮ್ಮಕ್ಕನ ಮಗ್ಗ ಐತೋ!"

"ಹಂಗಾರ ನಾನ ಬರ್ತೇನಿ. ಹೊತ್ತಾಕ್ಕೈತಿ."

ಅಕ್ಕ ಬೈಯಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ದೊಡ್ಡ ಆಘಾತ. ಹುಟ್ಟಿದಾಗಿನಿಂದ ಅವಳ ಬೈಗುಳ ಕೇಳಿಯೇ ನನಗೆ ಸಮಾಧಾನ. ಅವಳು ಎಳೆಗಳ ಮೇಲೆ ಬಗ್ಗಿ, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ ಹೇಳಿದಳು:

"ಹರದಿಲ್ಲ. ಜಾರ್ಯಾವ. ನಿನ್ನ ಹೇಂತಿ ಕೈ ನಡಗಾಕತ್ತಾವ, ಆಕಿ ಕಡಿಂದ ಆಗೂದಿಲ್ಲ. ನೀ ಒಳಗ ಬಾ."

"ಬಾಗಲಾ ಮುಚ್ಚೈತಲ್ಲಬೇ ಅಕ್ಕಾ."

"ಮುಚ್ಚಿದಾಂವ ಯಾರ? ಬಾ."

ಗಾಡಿಗೂ ಚೌಕಟ್ಟಿಗೂ ನಡುವಿನ ಸಂದಿನಲ್ಲಿ ನುಗ್ಗಿದೆ. ಒಂದಷ್ಟು ಹೊತ್ತು ನನ್ನ ಹೊಟ್ಟೆ ಅರ್ಧ ಓಣಿಯಲ್ಲಿ, ಅರ್ಧ ಅಕ್ಕನ ಮನೆಯಲ್ಲಿ ಇತ್ತು. ಕಾಕಾ ಹಿಂದಿನಿಂದ ನೂಕಿದ. ಒಳಗೆ ಬಿದ್ದಾಗ ಅಕ್ಕ ನನ್ನ ಕೈ ನೋಡಿ, "ಮೊದಲ ಆ ದಂಡಿ ಕೆಳಗಿಡೋ ಖೋಡಿ" ಎಂದಳು. ಹಿಡಿಕೆಯನ್ನು ಇನ್ನೂ ಹಿಡಿದುಕೊಂಡೇ ಇದ್ದೆ.

ಅಂತೂ ಬೈದಳಲ್ಲ ಎಂದು ನನಗೆ ಜೀವ ಬಂತು.

ಕೆಂಪು ಎಳೆಗಳ ಹಿಡಿಯನ್ನು ನನಗೆ ಕೊಟ್ಟು, ಬಿಗಿಯಾಗಿ ಹಿಡಿ, ಆದರೆ ಎಳೆಯಬೇಡ ಎಂದಳು. ಇವೆರಡಕ್ಕೂ ನಡುವೆ ಎಷ್ಟು ಅಂತರವಿದೆಯೋ ಅಷ್ಟರೊಳಗೆ ನಾನು ಆ ಮಧ್ಯಾಹ್ನವನ್ನೆಲ್ಲ ಕಳೆದೆ. ಅಕ್ಕನ ಬೆರಳು ಒಂದು ಹಸಿರು ಎಳೆ ಎತ್ತುವುದು, ಒಂದು ಕೆಂಪು ಸಿಕ್ಕಿಸುವುದು. ಮೂಗು ಕೆರೆಯಿತು. ಕಾಲು ಜೋಮು ಹಿಡಿಯಿತು. ಸೀನು ಬಂದರೆ ಏನು ಗತಿ ಎಂದು ಹೆದರಿದೆ. ಹೆದರಿದ್ದಕ್ಕೇ ಸೀನು ಬರುವಂತಾಯಿತು. ನುಂಗಿಕೊಂಡೆ. ಮಗಳ ಮುಖ ಕಣ್ಣ ಮುಂದೆ ಬಂದಾಗಲೆಲ್ಲ ಬೆರಳು ತಾವೇ ಬಿಗಿಯಾಗುತ್ತಿದ್ದವು.

ಅಂಚಿನ ಕಡೆಯ ಎಳೆಗಳು ಉಳಿದಿದ್ದಾಗ ಓಣಿಯ ಮೇಲ್ತುದಿಯಿಂದ ಮೆಕ್ಯಾನಿಕನ ದನಿ ಗುಡುಗಿತು. "ಯಜಮಾನ್ರ, ಏನ್ ಕಿತ್ತೈತ್ರಿ—"

ಮುಂದಿನ ಮಾತು ಕೇಳಲಿಲ್ಲ. ಕಾಕಾ ಓಡಿ ಹೋಗಿ ಅವನ ಬಾಯಿ ಒತ್ತಿ ಹಿಡಿದಿದ್ದನೆಂದು ಆಮೇಲೆ ಗೊತ್ತಾಯಿತು. ಅಕ್ಕ ಮಾತ್ರ ತಲೆ ಎತ್ತಲಿಲ್ಲ. ಕಡೆಯ ಕುಣಿಕೆ ಸಿಕ್ಕಿಸಿ, ಲಾಳಿ ಒಂದು ಸಲ ಆಚೆಗೆ, ಒಂದು ಸಲ ಈಚೆಗೆ ಓಡಿಸಿ, ಎಳೆಗಳನ್ನು ಒತ್ತುವ ಹಣಿಗೆ ಬಡಿದಳು. ಕೆಂಪು ಹಸಿರಿಗೆ ಅಂಟಿಕೊಂಡು ನಿಂತಿತು.

"ಬಿಡು ಇನ್ನ" ಎಂದಳು. ನನ್ನ ಬೆರಳು ಬಿಡಲಿಲ್ಲ. ಒಂದೊಂದಾಗಿ ಅವಳೇ ಬಿಡಿಸಿದಳು. "ಹೆದರೂದ ಒಂದ ದಿನರ ಕೆಲಸಕ್ಕ ಬಂತ ನೋಡ ನಿಂದು."

ಹಿಡಿಕೆ ಎತ್ತಿಕೊಂಡು ಮತ್ತೆ ಸಂದಿನಲ್ಲಿ ಹೊರಬಿದ್ದೆ. ಓಣಿಯವರೆಲ್ಲ ಹಿಂದಿನಿಂದ ಎಳೆದು ಗಾಡಿಯನ್ನು ಏರಿಗೆ ಹತ್ತಿಸಿದರು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ನಾನು ಓಡಿ ಹೋಗಿ ಕೆಂಪು ಕಲ್ಲನ್ನು ಗಾಲಿಗೆ ಒಡ್ಡುತ್ತಿದ್ದೆ, ಗಾಡಿ ಮತ್ತೆ ಮಗ್ಗದ ಕಡೆ ಜಾರದ ಹಾಗೆ. ಕಾಕಾ ಅವತ್ತು ಮೆರವಣಿಗೆಯ ಮಾತೆತ್ತಲಿಲ್ಲ.

ಮೇಲೆ ಬಂದಾಗ ಮೆಕ್ಯಾನಿಕ, ಕಾಕಾನ ಕಡೆ ಒಂದು ಕಣ್ಣಿಟ್ಟು, ಮೆಲ್ಲಗೆ ಕೇಳಿದ. "ಈಗರ ಹೇಳ್ರಿ. ಏನ್ ಕಿತ್ತೈತಿ?"

ತೆರೆದ ಬಾಗಿಲಿನಿಂದ ಅಕ್ಕನ ದನಿ ಬಂತು. "ಹೇಳೋ ತಮ್ಮಾ, ಹೇಳು! ಇನ್ನ ನೀ ಏನಂದ್ರೂ ಕೀಳೂದಿಲ್ಲ!"

ಅದರ ಹಿಂದೆಯೇ ಹಣಿಗೆಯ ಬಡಿತ ಶುರುವಾಯಿತು. ನಾನು ಹಿಡಿಕೆಯನ್ನು ಮೆಕ್ಯಾನಿಕನ ಕೈಗೆ ಕೊಟ್ಟು, ಕಲ್ಲು ಗಾಲಿಗೆ ಸರಿಯಾಗಿ ಕೂತಿದೆಯೇ ಎಂದು ಇನ್ನೊಮ್ಮೆ ಬಗ್ಗಿ ನೋಡಿದೆ.