ಪ್ರಶ್ನೆಯಲ್ಲಿ ಕೊಡದ ಅರವತ್ತು

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಅದಕ್ಕೋ ಏನೋ, ಲೆಕ್ಕ ಬಿಡಿಸುವಾಗಲೂ ಯಾರಾದರೂ ತಪ್ಪು ಹಿಡಿದಾರೆಂಬ ಭಯ ನನ್ನನ್ನು ಬಿಡುತ್ತಿರಲಿಲ್ಲ. ಪ್ರತಿಯೊಂದನ್ನೂ ‘ಎಕ್ಸ್ ಆಗಿರಲಿ’ ಎಂದು ಆರಂಭಿಸಿ, ಒಂದು ಹಂತವನ್ನೂ ಬಿಡದೆ ಬರೆಯುತ್ತಿದ್ದೆ. ಬ್ಯಾಂಕ್ ಗುಮಾಸ್ತರ ಹುದ್ದೆಯ ಪರೀಕ್ಷೆಯಲ್ಲಿ ಹಾಗೆ ಬರೆಯುತ್ತಿರುವಾಗಲೇ ಸಮಯ ಮುಗಿದುಹೋಯಿತು. ವಯೋಮಿತಿಯ ಪ್ರಕಾರ ನನಗೆ ಉಳಿದಿದ್ದುದು ಇನ್ನೊಂದೇ ಅವಕಾಶ.

ಅದಕ್ಕಾಗಿ ಕುಂಬಾರಕೊಪ್ಪಲಿನಿಂದ ಸರಸ್ವತಿಪುರಂನ ಟ್ಯುಟೋರಿಯಲ್ ಒಂದಕ್ಕೆ ಹೋಗತೊಡಗಿದೆ. ಅಲ್ಲಿ ಗಣಿತ ಕಲಿಸುತ್ತಿದ್ದ ಮೇಡಂ ಪ್ರಶ್ನೆ ಬರೆದೊಡನೆ, “ಪೆನ್ನು ಕೆಳಗಿಡ್ರಪ್ಪ, ಮೊದಲು ಕೊನೇವರೆಗೂ ಓದಿ” ಎನ್ನುತ್ತಿದ್ದರು. ಆ ದಿನದ ಪ್ರಶ್ನೆ ಇದು: ಒಂದು ಕಾಲೇಜಿನಲ್ಲಿ ಮೂರರಲ್ಲಿ ಎರಡು ಭಾಗ ಹುಡುಗಿಯರು, ಉಳಿದವರು ಹುಡುಗರು. ಹುಡುಗಿಯರಲ್ಲಿ ನಾಲ್ಕರಲ್ಲಿ ಒಂದು ಭಾಗ, ಹುಡುಗರಲ್ಲಿ ಐದರಲ್ಲಿ ಎರಡು ಭಾಗ ಬಸ್ಸಿನಲ್ಲಿ ಬರುತ್ತಾರೆ. ಒಟ್ಟಿನಲ್ಲಿ ಬಸ್ಸಿನವರು ಎಷ್ಟು ಭಾಗ?

“ಮೂರು, ನಾಲ್ಕು, ಐದು. ಎಲ್ಲದರಿಂದ್ಲೂ ಶೇಷ ಇಲ್ದೆ ಭಾಗ ಹೋಗೋದು ಯಾವ್ದು? ಅರವತ್ತು. ಕಾಲೇಜಲ್ಲಿ ಅರವತ್ತೇ ಜನ ಅನ್ಕೊಳ್ಳಿ.”

ನಾನು ಎದ್ದು ನಿಂತೆ. “ಮೇಡಂ, ಅರವತ್ತು ಜನ ಎಂದು ಪ್ರಶ್ನೆಯಲ್ಲಿ ಕೊಟ್ಟಿಲ್ಲವಲ್ಲ?”

“ಹಾಜರಿ ಪುಸ್ತಕ ತರಿಸ್ಬೇಕೇನೇ?” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

“ಕೊಟ್ಟಿಲ್ಲ ಕಣಮ್ಮ, ಅದಕ್ಕೇ ತಗೊಂಡೆ. ಕೊಟ್ಟುಬಿಟ್ಟಿದ್ರೆ ನಮ್ಮಿಷ್ಟ ಎಲ್ಲಿ ನಡೀತಿತ್ತು?”

ಹುಡುಗಿಯರು ನಲವತ್ತು, ಹುಡುಗರು ಇಪ್ಪತ್ತು. ಬಸ್ಸಿಗೆ ಹತ್ತು ಹುಡುಗಿಯರು, ಎಂಟು ಹುಡುಗರು. ಅರವತ್ತರಲ್ಲಿ ಹದಿನೆಂಟು, ಎಂದರೆ ಹತ್ತರಲ್ಲಿ ಮೂರು ಭಾಗ. ನನ್ನ ಅನುಮಾನ ಇನ್ನೂ ಹೋಗಿರಲಿಲ್ಲ. “ಬಾ, ನಿನ್ನ ಕಾಲೇಜಿಗೆ ಆರುನೂರು ಜನ ಸೇರಿಸ್ಕೊ” ಎಂದು ಸೀಮೆಸುಣ್ಣವನ್ನು ನನ್ನ ಕೈಗೇ ಕೊಟ್ಟರು. ಬಸ್ಸಿಗೆ ನೂರು ಹುಡುಗಿಯರು, ಎಂಬತ್ತು ಹುಡುಗರು. ಉತ್ತರ ಮತ್ತೆ ಹತ್ತರಲ್ಲಿ ಮೂರೇ.

“ನೋಡ್ದಾ? ಭಾಗ ಕೇಳ್ದಾಗ ಕಾಲೇಜು ಎಷ್ಟು ದೊಡ್ಡದಾದ್ರೂ ಒಂದೇ. ಎಷ್ಟು ಜನ ಅಂತ ಕೇಳಿದ್ರೆ ಮಾತ್ರ ಹುಷಾರು.”

ಎಕ್ಸ್ ಎಂಬುದು ಎಂದೂ ನನ್ನ ಕಣ್ಣಿಗೆ ಕಂಡಿರಲಿಲ್ಲ. ಆ ಹದಿನೆಂಟು ಮಂದಿ ಬಸ್ಸು ಹತ್ತುವುದು ಕಂಡಿತು. ಸುಲಭವಾದದ್ದೂ ಸರಿಯಾಗಿರಬಹುದೆಂದು, ನನ್ನನ್ನು ಕುಗ್ಗಿಸದೆ ತೋರಿಸಿಕೊಟ್ಟವರಲ್ಲಿ ಅವರೇ ಮೊದಲಿಗರು.

ಪರೀಕ್ಷೆಯಲ್ಲಿ ಹಾಲು ನೀರಿನ ಲೆಕ್ಕ ಬಂತು. ಒಂದೇ ಅಳತೆಯ ಎರಡು ತುಂಬಿದ ಪಾತ್ರೆಗಳು. ಹಾಲು ನೀರಿನ ಅನುಪಾತ ಒಂದರಲ್ಲಿ ಎರಡಕ್ಕೆ ಒಂದು, ಇನ್ನೊಂದರಲ್ಲಿ ಮೂರಕ್ಕೆ ಎರಡು. ಎರಡನ್ನೂ ಬೆರೆಸಿದರೆ? ಅಭ್ಯಾಸಬಲದಿಂದ ಕೈ ಎಕ್ಸ್ ಬರೆದೇಬಿಟ್ಟಿತ್ತು. ಪೆನ್ನು ಕೆಳಗಿಟ್ಟೆ. ಪ್ರಶ್ನೆಯನ್ನು ಕೊನೆಯವರೆಗೆ ಓದಿದೆ. ಮೊದಲನೆಯದರಲ್ಲಿ ಮೂರು ಪಾಲು, ಎರಡನೆಯದರಲ್ಲಿ ಐದು. ತಲಾ ಹದಿನೈದು ಲೀಟರ್ ಎಂದುಕೊಂಡೆ. ಹಾಲು ಹತ್ತು ಮತ್ತು ಒಂಬತ್ತು, ನೀರು ಐದು ಮತ್ತು ಆರು. ಹತ್ತೊಂಬತ್ತಕ್ಕೆ ಹನ್ನೊಂದು. ಈ ಸಲ ಕೊನೆಯ ಪ್ರಶ್ನೆಯವರೆಗೂ ತಲುಪಿದೆ.

ಆಯ್ಕೆಯಾದ ಸುದ್ದಿ ತಿಳಿದ ದಿನವೇ ಟ್ಯುಟೋರಿಯಲ್‌ಗೆ ಹೋದೆ. ಅಂಕ ಎಷ್ಟೆಂದು ಮೇಡಂ ಕೇಳಲಿಲ್ಲ. ಹಾಲಿನ ಲೆಕ್ಕವನ್ನು ಪೂರ್ತಿ ಹೇಳಿಸಿಕೊಂಡು, “ಎಷ್ಟು ಲೀಟರ್ ತಗೊಂಡೆ?” ಎಂದರು.

“ಹದಿನೈದು, ಮೇಡಂ.”

“ಮೂವತ್ತು ತಗೊಂಡಿದ್ರೂ ನಡೀತಿತ್ತು.” ಕೈಯ ಸುಣ್ಣದ ಪುಡಿ ಕೊಡವಿಕೊಂಡು ಒಂದು ಕ್ಷಣ ಯೋಚಿಸಿದರು. “ಇಲ್ಲ, ಹದಿನೈದೇ ಚೆಂದ ಕಣೇ.”