ವೈನಿಯ ಆರು ಪ್ಲಗ್ಗುಗಳು

ವೈನಿ ಅಣ್ಣನ ಹೆಂಡತಿಯಾಗಿ ನಮ್ಮ ಮನೆಗೆ ಬಂದ ಎಂಟನೆಯ ತಿಂಗಳು ನನ್ನ ದಿನಚರಿಯ ಕೊನೆಯ ಪುಟದಲ್ಲಿ ಎರಡು ಕಾಲಂ ಎಳೆದೆ. ಮನೆಯಲ್ಲಿ ಕರೆಂಟಿನ ಮಾತು ಬಂದಾಗ ಯಾರನ್ನು ಕೇಳುತ್ತಾರೆ ಎಂಬುದರ ಲೆಕ್ಕ ಅದು. ಒಂದು ಕಾಲಂ ನನ್ನದು, ಇನ್ನೊಂದು ಅವಳದು. ತಿಂಗಳು ಮುಗಿದಾಗ ನನ್ನ ಕಡೆ ನಾಲ್ಕು ಗೆರೆ, ಅವಳ ಕಡೆ ಹನ್ನೊಂದು.

ಇದು ಸಣ್ಣತನವೆಂದು ಗೆರೆ ಎಳೆಯುವಾಗಲೇ ಗೊತ್ತಿತ್ತು. ಆದರೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು ನಾನು. ರಬಕವಿಯಿಂದ ದಿನಾ ಬಸ್ಸು ಹಿಡಿದು ಜಮಖಂಡಿಗೆ ಹೋಗಿ ಒಂದು ತರಬೇತಿ ಸಂಸ್ಥೆಯ ಲ್ಯಾಬ್ ನೋಡಿಕೊಳ್ಳುವವಳೂ ನಾನೇ. ವೈನಿ ಬೀಳಗಿಯವಳು, ಇತಿಹಾಸ ತೆಗೆದುಕೊಂಡು ಬಿ.ಎ. ಮಾಡಿದವಳು. ಅವಳು ಬರುವ ಮೊದಲು ಫ್ಯೂಸು ಹೋದರೆ ಅಣ್ಣ ನನಗೆ ಫೋನ್ ಮಾಡುತ್ತಿದ್ದ. ಈಗ ಅವನ ಫೋನು ಬರುವಷ್ಟರಲ್ಲಿ ವೈನಿ ಫ್ಯೂಸು ಕಟ್ಟಿ ಕೂರಿಸಿರುತ್ತಿದ್ದಳು.

ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಎರಡು ಮಗ್ಗಗಳಿವೆ, ಅವನ್ನು ಅಣ್ಣ ನಡೆಸುತ್ತಾನೆ. ಅದೇ ಖೋಲಿಯ ಮೂಲೆಯಲ್ಲಿ ಕುಳಿತು ಅವ್ವ ಸಣ್ಣ ಮೋಟಾರಿನ ಮಷಿನ್ ಮೇಲೆ ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಸಣ್ಣ ಕೊಳವೆಗೆ, ನೂಲು ಸುತ್ತುತ್ತಾಳೆ. ಮಷಿನ್ನಿನ ಸ್ವಿಚ್ಚು ಎದುರಿನ ಗೋಡೆಯ ಮೇಲಿತ್ತು. ನೂಲು ಹರಿದಾಗಲೆಲ್ಲ ಅವ್ವ ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ಮಷಿನ್ ನಿಲ್ಲಿಸಬೇಕಿತ್ತು. ಎಷ್ಟೋ ವರ್ಷಗಳಿಂದ ಅದನ್ನು ನೋಡುತ್ತಿದ್ದೆ.

ವೈನಿ ನೋಡಿದ್ದು ಕೆಲವೇ ತಿಂಗಳು. ಆನ್‌ಲೈನಿನಲ್ಲಿ ಆರು ಸ್ಮಾರ್ಟ್ ಪ್ಲಗ್ ತರಿಸಿದಳು. ಫೋನಿನಿಂದಲೇ ಹಚ್ಚಿ ಆರಿಸುವಂಥವು. ಎರಡೇ ದಿನಕ್ಕೆ ಅವುಗಳ ಹುಳುಕು ತಿಳಿಯಿತು. ಫೋನಿನಲ್ಲಿ ಒತ್ತಿದ ಆಜ್ಞೆ ದೂರದ ಕಂಪನಿಯ ಕಂಪ್ಯೂಟರಿಗೆ ಹೋಗಿ ವಾಪಸು ಬರಬೇಕು. ನಮ್ಮ ಓಣಿಯಲ್ಲಿ ಇಂಟರ್ನೆಟ್ ಹೋದರೆ ಪ್ಲಗ್ಗೂ ಸುಮ್ಮನಾಗುತ್ತದೆ.

"ಆತು, ಆರಕ್ಕ ಆರೂ ಮೂಲ್ಯಾಗ ಒಗೀರಿ," ಎಂದೆ. ಸ್ವಲ್ಪ ಖುಷಿಯಿಂದಲೇ ಅಂದೆ.

"ಒಗ್ಯಾಕ ಯಾಕ ತಂದೇನಿ? ಒಳಗಿನ ಪ್ರೋಗ್ರಾಮ್ ಬದಲ್ ಮಾಡೂಣು," ಎಂದಳು ವೈನಿ.

ಕಂಪನಿ ತುಂಬಿದ ಫರ್ಮ್‌ವೇರ್ ಅಳಿಸಿ, ಮನೆಯ ವೈಫೈ ಒಂದರ ಮೇಲೆಯೇ ನಡೆಯುವ ಬೇರೆ ಫರ್ಮ್‌ವೇರ್ ತುಂಬುವ ಕೆಲಸ ಅದು. ವಿಡಿಯೊ ನೋಡಿ ಕಲಿತಳು. ಪ್ಲಗ್ ಬಿಚ್ಚಿ, ಚಿಪ್ಪಿನ ಪಕ್ಕದ ಚಿಕ್ಕ ಚುಕ್ಕಿಗಳಿಗೆ ನಾಲ್ಕು ತಂತಿ ಬೆಸೆದು, ಲ್ಯಾಪ್‌ಟಾಪಿಗೆ ಜೋಡಿಸಿದಳು. ಆಗ ಪ್ಲಗ್ಗನ್ನು ಗೋಡೆಯ ಕರೆಂಟಿಗೆ ಕೊಡಲೇಬಾರದು, ಕೊಟ್ಟರೆ ಜೀವಕ್ಕೇ ಕುತ್ತು. ಕೊಡಹೋದರೆ ಕೈ ಹಿಡಿದು ನಾಲ್ಕು ಮಾತು ಬೈಯಬಹುದೆಂದು ಪಕ್ಕದಲ್ಲೇ ಕುಳಿತಿದ್ದೆ. ಅವಳು ಕೊಡಲಿಲ್ಲ. ಮೂರು ಸಲ ಕೆಟ್ಟು ನಾಲ್ಕನೆಯ ಸಲಕ್ಕೆ ಪ್ಲಗ್ಗಿನ ನೀಲಿ ದೀಪ ಹತ್ತಿತು. ತಂತಿ ಬಿಡಿಸಿ, ಪ್ಲಗ್ಗು ಮುಚ್ಚಿ, ಅವ್ವನ ಮಷಿನ್ನಿನ ಬೋರ್ಡಿಗೆ ಸಿಕ್ಕಿಸಿದಳು. ಅವ್ವ ಕೂತಲ್ಲಿಂದಲೇ ಫೋನು ಒತ್ತಿ ಮಷಿನ್ ನಿಲ್ಲಿಸಿದಳು, ಮತ್ತೆ ಹಚ್ಚಿದಳು, ಮತ್ತೆ ನಿಲ್ಲಿಸಿದಳು. ಸಣ್ಣ ಮಕ್ಕಳ ಹಾಗೆ ನಕ್ಕಳು.

ಮಹಾಲಿಂಗಪುರದಿಂದ ಬಂದಿದ್ದ ಕಾಕಾ ಅದನ್ನು ನೋಡಿ ನನ್ನ ಕಡೆ ತಿರುಗಿದ. "ಏನಬೇ ಡಿಪ್ಲೊಮಾ, ನಿನ್ನ ಸರ್ಟಿಫಿಕೇಟ್ ವೈನಿ ಹೆಸರಿಗೆ ಮಾಡಿಸಿಬಿಡ್ಲೇನ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ದಿನಚರಿಯ ಆ ದಿನದ ಪುಟದಲ್ಲಿ ಕಾಕಾನ ಆ ಮಾತಷ್ಟೇ ಇದೆ.

ಮುಂದಿನ ಬುಧವಾರ ಖಾಲಿ ಡಬ್ಬಿಗಳು ನನ್ನ ಕೈಗೆ ಸಿಕ್ಕವು. ಡಬ್ಬಿಯ ಮೇಲೆ ಐಎಸ್‌ಐ ಮುದ್ರೆಯಿತ್ತು. ಪ್ಲಗ್ಗಿನ ಮೈಮೇಲೆ ಇರಲಿಲ್ಲ. ಲ್ಯಾಬಿನಲ್ಲಿ ಹುಡುಗರಿಗೆ ನಾನು ಮೊದಲ ವಾರವೇ ಹೇಳುವ ಪಾಠ ಇದು. ಮುದ್ರೆ ಕಂಡರೆ ಸಾಲದು, ಅದರ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಸರಕಾರದ ಆ್ಯಪಿನಲ್ಲಿ ಹಾಕಿ ನೋಡಬೇಕು. ಹಾಕಿದೆ. ಆ ಸಂಖ್ಯೆ ನೀರಿನ ಪೈಪು ಮಾಡುವ ಯಾವುದೋ ಕಾರ್ಖಾನೆಯದು. ಎರಡನೆಯ ಸಲ, ಮೂರನೆಯ ಸಲ ಹಾಕಿದರೂ ಪೈಪೇ ಬಂತು.

ಅಂದು ನನಗಾದ ಸಂತೋಷ ದಿನಚರಿಯಲ್ಲಿ ಹಾಗೇ ಇದೆ. "ಪೈಪು!" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಕೂಡಲೇ ಹೇಳಬೇಕಿತ್ತು, ಹೇಳಲಿಲ್ಲ. ಶನಿವಾರ ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ, ಖೋಲಿ ಗುಡಿಸಿ, ಮಗ್ಗಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡುತ್ತೇವೆ. ಕಾಕಾ ಊಟಕ್ಕೆ ಬರುವುದಿತ್ತು. ಅವನ ಮುಂದೆ, ಹೋಳಿಗೆ ಬಡಿಸುವ ಹೊತ್ತಿಗೆ, ಮೆಲ್ಲಗೆ ಡಬ್ಬಿ ತಂದಿಡುವುದೆಂದು ನಿಶ್ಚಯಿಸಿದೆ. ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಎರಡು ಸಲ ಮನಸ್ಸಿನಲ್ಲೇ ಆಡಿ ನೋಡಿದೆ.

ಮಗ್ಗದ ಮನೆಯಲ್ಲಿ ಹುಟ್ಟಿದವಳು ಮಾಡಬಾರದ ತಪ್ಪು ಅದು. ಖೋಲಿ ಪೂರ್ತಿ ಗುಡಿಸುವುದು ಅಮಾವಾಸ್ಯೆಗೇ. ಆದ್ದರಿಂದ ಅದರ ಹಿಂದಿನ ಮೂರು ದಿನ ನೂಲಿನ ಧೂಳು ಎಲ್ಲೆಡೆ ಬೆರಳುದಪ್ಪ ಕೂತಿರುತ್ತದೆ. ಗೋಡೆಯ ಬೋರ್ಡಿನ ಮೇಲೂ, ಅದರಲ್ಲಿ ಸಿಕ್ಕಿಸಿದ ಪ್ಲಗ್ಗಿನ ಮೇಲೂ. ನಾನು ಕಾಯಲು ಆರಿಸಿಕೊಂಡದ್ದು ಆ ಮೂರು ದಿನಗಳನ್ನೇ.

ಶುಕ್ರವಾರ ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಪಡಸಾಲೆಯಲ್ಲೇ ಪ್ಲಾಸ್ಟಿಕ್ ಸುಟ್ಟ ವಾಸನೆ. ಅಣ್ಣ ಹೊರಗೆ ಹೋಗಿದ್ದ. ಹಿಂದಿನ ಖೋಲಿಗೆ ಓಡಿದೆ. ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿತ್ತು, ಅದರ ಮೇಲಿನ ಧೂಳು ಹತ್ತಿ ಉರಿ ಗೋಡೆಗುಂಟ ಏರುತ್ತಿತ್ತು. ಪ್ಲಗ್ಗು ಕೀಳಲು ಹೋಗಿ ಅವ್ವ ಬೆರಳು ಸುಟ್ಟುಕೊಂಡಿದ್ದಳು. ಈಗ ಅವಳ ಕೈಯಲ್ಲಿ ನೀರಿನ ಚರಿಗೆ.

"ಅತ್ತೀ, ನೀರ ಹಾಕಬ್ಯಾಡ್ರಿ!" ವೈನಿ ಕೂಗಿದಳು. ಒಂದೇ ಜಿಗಿತಕ್ಕೆ ಮೇನ್ ಸ್ವಿಚ್ಚು ಕೆಳಗೆಳೆದಳು. ಗೋಣಿ ತಟ್ಟು ತೆಗೆದುಕೊಂಡು ಬಡಿದು ಬಡಿದು ಉರಿ ಆರಿಸಿದಳು. ಎರಡು ಮಾರು ಆಚೆ ಹೊಸ ಸೀರೆಗಳ ಗಂಟು ಇತ್ತು. ನಾನು ಊಟದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

ಅವ್ವನ ಎರಡು ಬೆರಳು ಬೊಬ್ಬೆ ಎದ್ದಿದ್ದವು. ಅವನ್ನು ತಣ್ಣೀರಲ್ಲಿ ಹಿಡಿದು ಕೂತ ವೈನಿ ಅಳುತ್ತಿದ್ದಳು. "ನಂದ ತಪ್ಪರಿ ಅತ್ತಿ. ಹದಿನಾರು ಆಂಪ್ಸ್ ಅಂತ ಬರದಿದ್ರು, ಮುದ್ರಿ ಇತ್ತು, ನಂಬಿದೆ."

"ಮುದ್ರಿ ಖೋಟಾ," ಎಂದೆ. ಮಾತು ತಾನಾಗಿ ಬಾಯಿಂದ ಬಿತ್ತು.

ಅವ್ವ ತಲೆ ಎತ್ತಿದಳು. "ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. "ಬುಧವಾರ. ಸಂಜಿಕೆ ಏಳಕ್ಕ."

"ಮತ್ತ ಯಾಕ ಹೇಳ್ಲಿಲ್ಲ?"

"ನಾಳಿಗೆ ಕಾಕಾನ ಮುಂದ ಹೇಳಬೇಕಂತ ಇದ್ದೆ."

ಅವ್ವ ಕೈ ನೀರಿನಲ್ಲಿಟ್ಟುಕೊಂಡೇ ನನ್ನನ್ನು ನೋಡಿದಳು, ಆಮೇಲೆ ಸುಟ್ಟ ಗೋಡೆಯನ್ನು ನೋಡಿದಳು. ವೈನಿ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದಳು. 

ಮರುದಿನ ನಸುಕಿನಲ್ಲೇ ವೈನಿ ಉಳಿದ ಐದು ಪ್ಲಗ್ಗು ತಂದು ನನ್ನ ಮುಂದಿಟ್ಟಳು. "ತಂಗಿ, ಇವನ್ನ ನೀ ಬಿಚ್ಚಿ ನೋಡು. ನಂದೂ ತಪ್ಪೈತಿ. ಆದ್ರ ಇನ್ನ ಮುಂದ ಗೊತ್ತಾದ ದಿವಸಾನ ಹೇಳು. ಬೇಕಾದ್ರ ಓಣಿ ಮಂದಿ ಎಲ್ಲಾ ಕರದು ಹೇಳು. ಅವತ್ತ ಹೇಳು, ಅಷ್ಟ."

ಬಿಚ್ಚಿ ನೋಡಿದೆವು. ಮೈಮೇಲೆ ಹದಿನಾರು ಎಂದಿತ್ತು, ಒಳಗೆ ಕರೆಂಟು ಹಚ್ಚಿ ಆರಿಸುವ ರಿಲೇ ಮೇಲೆ ಹತ್ತು. ತಾಮ್ರದ ಪಟ್ಟಿ ಕಾಗದದಷ್ಟು ತೆಳ್ಳಗೆ. ಮೋಟಾರು ಪ್ರತಿ ಸಲ ಶುರುವಾಗುವಾಗ ಎಳೆಯುವ ಕರೆಂಟಿಗೆ ಅದು ತಡೆಯುವಂಥದ್ದಲ್ಲ. ಖರೆ ಮುದ್ರೆಯ ಪ್ಲಗ್ಗಾದರೂ ಒಮ್ಮೆ ಬಿಚ್ಚಿದರೆ ಆ ಮುದ್ರೆಗೆ ಅರ್ಥ ಉಳಿಯುವುದಿಲ್ಲ ಎಂದೂ ಹೇಳಿದೆ. ವೈನಿ ಎಲ್ಲವನ್ನೂ ಕೇಳಿಸಿಕೊಂಡಳು, ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದಳು. ಬಹಳ ದಿನಗಳ ಮೇಲೆ ನಮ್ಮ ಮನೆಯಲ್ಲಿ ನನ್ನ ಮಾತು ಹತ್ತು ನಿಮಿಷ ನಡೆಯಿತು.

"ಅಂದ್ರ ಮಷಿನ್ನಿಗೆ ಪ್ಲಗ್ಗ ಬ್ಯಾಡ," ಎಂದಳು.

"ಬ್ಯಾಡರಿ."

"ಮತ್ತ ಅತ್ತಿ ಮತ್ತ ಎದ್ದೆದ್ದು ಹೋಗಬೇಕು?"

 ಅವಳು ಮಷಿನ್ನಿನಿಂದ ಗೋಡೆಯವರೆಗೆ ಹೆಜ್ಜೆ ಹಾಕಿ ಅಳೆದಳು. "ಸ್ವಿಚ್ಚನ್ನ ಈ ಕಡೆ ತಂದ್ರ? ಅತ್ತಿ ಬಲಗೈ ಕಡೆ, ಮಷಿನ್ನಿನ ಕಾಲಿಗೆ?"

ನಾಲ್ಕು ಮೀಟರ್ ವಾಯರ್, ಒಂದು ಪೈಪು, ಒಂದು ಒಳ್ಳೆಯ ಸ್ವಿಚ್ಚು. ಡಿಪ್ಲೊಮಾ ಮೂರು ವರ್ಷ, ಲ್ಯಾಬಿನ ಕೆಲಸ ಎರಡು ವರ್ಷ. ಅವ್ವನ ಮೊಣಕಾಲು ನೋಡುತ್ತ ಬೆಳೆದವಳು ನಾನು. ನನಗೆ ಅದು ಹೊಳೆದಿರಲಿಲ್ಲ.

ಖೋಲಿ ಗುಡಿಸಿದ ಮೇಲೆ ನಾನೇ ವಾಯರ್ ಎಳೆದೆ, ಅರ್ಥ್ ಕೊಟ್ಟೆ, ಮೀಟರ್ ಹಿಡಿದು ಪರೀಕ್ಷಿಸಿದೆ. ಸ್ವಿಚ್ಚಿನ ಮುದ್ರೆಯ ಸಂಖ್ಯೆಯನ್ನು ಆ್ಯಪಿನಲ್ಲಿ ವೈನಿಯ ಕೈಯಿಂದಲೇ ಹಾಕಿಸಿದೆ. ಸ್ವಿಚ್ಚೇ ಬಂತು. ಮಧ್ಯಾಹ್ನ ಕಾಕಾ ಬಂದು ಹೊಸ ಸ್ವಿಚ್ಚು ನೋಡಿ, "ಇದು ಯಾರ ಕೆಲಸ?" ಎಂದ.

ಪಟ್ಟಿ ಕಟ್ಟಿದ ಕೈ ಎತ್ತಿ ಅವ್ವ, "ಸೊಸಿ ವಿಚಾರ ಮಾಡ್ಯಾಳ, ಮಗಳು ಕಟ್ಟ್ಯಾಳ," ಎಂದಳು. ನಾನು ಮುದ್ರೆಯ ವಿಷಯ ಮುಚ್ಚಿಟ್ಟಿದ್ದನ್ನು ಅವಳೂ ಎತ್ತಲಿಲ್ಲ, ವೈನಿಯೂ ಎತ್ತಲಿಲ್ಲ.

ಊಟಕ್ಕೆ ವೈನಿ ನನ್ನ ಪಕ್ಕದಲ್ಲೇ ಕುಳಿತು ನನ್ನ ತಾಟಿಗೆ ತುಪ್ಪ ಹಾಕಿದಳು. ಅಷ್ಟು ಸಲೀಸಾಗಿ ಕ್ಷಮಿಸಲು ಅವಳಿಗೆ ಹೇಗೆ ಬರುತ್ತದೆ ಎಂದು ಮತ್ತೆ ಅದೇ ಹೊಟ್ಟೆಕಿಚ್ಚು ಎದ್ದಿತು. ಹೋಳಿಗೆ ಮುರಿದು ತಿಂದೆ.