ಹೂಂಗುಡದ ಊರಿನಲ್ಲಿ

ನಾನು ಮಾತಾಡಲು ಎದ್ದು ನಿಂತೆ. ಎದುರಿಗಿದ್ದ ಗಂಡಸರೆಲ್ಲ ಒಟ್ಟಿಗೇ ತಮ್ಮ ಲುಂಗಿಗೆ ಕೈ ಹಾಕಿದರು.

ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನಂತೂ ಒಂದು ಹೆಜ್ಜೆ ಹಿಂದೆ ಸರಿದು ಕೈಲಿದ್ದ ಲಾಠಿಯನ್ನು ಬಿಗಿಯಾಗಿ ಹಿಡಿದೆ. ಖಾಕಿ ತೊಟ್ಟ ಹೆಣ್ಣುಮಗಳು, ಊರಿಗೆ ಹೊಸಬಳು, ಹಾಲಿನ ಸೊಸೈಟಿಯ ಜಗಲಿ, ಸಂಜೆಯ ಹೊತ್ತು. ಅಷ್ಟರಲ್ಲಿ ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದ್ದ ಲುಂಗಿಗಳೆಲ್ಲ ಸರ್ರನೆ ಪಾದದವರೆಗೆ ಇಳಿದವು. ತಲೆಗೆ ಸುತ್ತಿದ್ದ ಬೈರಾಸುಗಳೂ ಬಿಚ್ಚಿಕೊಂಡು ಕೈಗೆ ಬಂದವು. ಬೈರಾಸು ಎಂದರೆ ನಮ್ಮ ಟವೆಲ್ಲೇ. ಅಷ್ಟೇ, ಮತ್ತೇನೂ ಆಗಲಿಲ್ಲ. ಎಲ್ಲರೂ ಕೈಕಟ್ಟಿ ನನ್ನನ್ನೇ ನೋಡತೊಡಗಿದರು.

ನಾನು ಇಂಡಿ ತಾಲೂಕಿನವಳು, ಹೆಸರು ರೇಣುಕಾ. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ ಸಿಕ್ಕಾಗ ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ಕಡಬದ ಕಡೆ ಹಾಕಿದ್ದಾರೆಂದು ಗೊತ್ತಾದ ಮೇಲೆ ಅದೇ ಅವ್ವ ಮುಖ ಊದಿಸಿಕೊಂಡು ಕೂತಳು. ನಮ್ಮ ಕಡೆ ಕಾಡು ಎಂದರೆ ಹಳ್ಳದ ದಂಡೆಯ ಜಾಲಿ. ಇಲ್ಲಿ ಹಿತ್ತಲು ಮುಗಿಯುವುದೂ ಕಾಡು ಶುರುವಾಗುವುದೂ ಒಂದೇ ಬೇಲಿಯಲ್ಲಿ. ನನಗೆ ಬಾಡಿಗೆಗೆ ಸಿಕ್ಕಿದ್ದು ಗಿರಿಜಕ್ಕನ ಮನೆಗೆ ಅಂಟಿಕೊಂಡ ಒಂದು ಕೋಣೆ. ಗಿರಿಜಕ್ಕ ಸುಳ್ಯದ ಹತ್ತಿರದ ಆಲೆಟ್ಟಿಯಿಂದ ಮದುವೆಯಾಗಿ ಬಂದವರು. ಮನೆಯೊಳಗೆ ಅರೆಭಾಷೆ, ಅಂಗಳ ದಾಟಿದರೆ ತುಳು, ನನ್ನ ಹತ್ತಿರ ಕನ್ನಡ. ಅವರು ತಮ್ಮ ರಬ್ಬರ್ ಮರಗಳ ಟ್ಯಾಪಿಂಗನ್ನು ತಾವೇ ಮಾಡುತ್ತಾರೆ. ನನ್ನ ಕೋಣೆಯ ಹಿಂದೆಯೇ ರಬ್ಬರ್ ಶೀಟುಗಳನ್ನು ಒಣಹಾಕುವುದರಿಂದ ಮೊದಮೊದಲು ನನ್ನ ಜೋಳದ ರೊಟ್ಟಿಗೂ ಆ ಹುಳಿ ವಾಸನೆ ಅಂಟಿದಂತೆ ಅನಿಸುತ್ತಿತ್ತು.

ನಮ್ಮವರಿಗೆ ರಬ್ಬರಿನ ಸಂಗತಿ ಗೊತ್ತಿರಲಾರದು, ಹೇಳಿಬಿಡುತ್ತೇನೆ. ಮರದ ತೊಗಟೆಯನ್ನು ಸಣ್ಣಗೆ ಕೆತ್ತಿದರೆ ಹಾಲು ಇಳಿಯುತ್ತದೆ. ಅದು ಚೆನ್ನಾಗಿ ಇಳಿಯುವುದು ಬೆಳಗಿನ ತಂಪಿಗೆ, ಬಿಸಿಲೇರಿದರೆ ಬತ್ತುತ್ತದೆ. ಹಾಗಾಗಿ ಊರಿನವರೆಲ್ಲ ಕತ್ತಲಿರುವಾಗಲೇ ತಲೆಗೆ ಲೈಟು ಕಟ್ಟಿಕೊಂಡು ತೋಟಕ್ಕೆ ಹೋಗುತ್ತಾರೆ. ಈಗ ಅದೇ ಕತ್ತಲಲ್ಲಿ ಒಂದು ಒಂಟಿ ಸಲಗ ಹೊಳೆ ದಾಟಿ ಬಂದು ರಬ್ಬರ್ ಸಾಲುಗಳ ನಡುವೆ ಓಡಾಡುತ್ತಿತ್ತು. ಅದನ್ನು ಕಾಡಿಗಟ್ಟುವ ತಂಡ ಬರುವುದು ಇನ್ನೂ ತಡವಿತ್ತು. ಅಲ್ಲಿಯವರೆಗೆ ಬೆಳಕು ಹರಿಯುವ ಮುಂಚೆ ಯಾರೂ ತೋಟಕ್ಕೆ ಇಳಿಯದಂತೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಒಬ್ಬರು ನನ್ನ ಮಾತು ಕೇಳದಿದ್ದರೂ ಹೋಗುವುದು ಒಂದು ಜೀವ.

ಅದಕ್ಕೇ ಅಂದಿನ ಸಭೆ. ಮುಂದೆ ಹಾಕಿದ್ದ ಕುರ್ಚಿಗಳು ಖಾಲಿ. ಎಲ್ಲರೂ ಹಿಂದೆ, ಗೋಡೆಯ ಬದಿಗೆ ಒತ್ತಿಕೊಂಡು ನಿಂತಿದ್ದರು. ಗಿರಿಜಕ್ಕನೂ ಹೆಂಗಸರ ನಡುವೆ ಇದ್ದರು. ನಾನು ಆನೆಯ ಕಿವಿ, ಮೂಗು, ಗಾಳಿಯ ದಿಕ್ಕು, ಅದು ಆಸೆಪಟ್ಟು ತಿನ್ನುವ ಮರ, ಎದುರಾದರೆ ಏನು ಮಾಡಬೇಕು, ಎಲ್ಲವನ್ನೂ ಹೇಳಿದೆ. “ಬೆಳಕ ಹರಿಯೂ ತನಕಾ ಯಾರೂ ತ್ವಾಟಕ್ಕ ಹೋಗಬ್ಯಾಡ್ರಿ. ತಿಳೀತಲ್ರೀ?” ಎಂದು ಕೇಳಿ ಕಾದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಯಾರೋ ಕೆಮ್ಮಿದರು. ಗೋಡೆಗೆ ಹೇಳಿದ್ದರೂ ಇದಕ್ಕಿಂತ ವಾಸಿಯಿತ್ತು ಎನಿಸಿ ಮೈಯೆಲ್ಲ ಉರಿಯಿತು.

ನಮ್ಮಲ್ಲಿ ಮಾತು ಎಂದರೆ ಇಬ್ಬರ ಕೆಲಸ. ಮಠದಲ್ಲಿ ಪುರಾಣ ಹೇಳುವವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ “ಹೌದ್ರೀ ಅಪ್ಪಾರ”, “ಖರೇ ಮಾತ್ರೀ” ಎಂದು ನಾಲ್ಕು ಕಡೆಯಿಂದ ದನಿ ಏಳುತ್ತದೆ. ಜನ ಮಾತಾಡುವವರ ಕಾಲಬುಡದವರೆಗೆ ಬಂದು ಕೂರುತ್ತಾರೆ. ನನ್ನ ಅಜ್ಜ ಕಥೆ ಹೇಳುವಾಗ ನಾನು ಹೂಂಗುಡುವುದು ನಿಲ್ಲಿಸಿದರೆ “ಕೂಸು ಮಲಗೇತಿ” ಎಂದು ಎದ್ದುಬಿಡುತ್ತಿದ್ದ. ಅದೇ ಅಜ್ಜ ಹಿರಿಯರ ಮುಂದೆ ಹೋಗುವಾಗ ಬಾಗಿಲಲ್ಲಿ ನಿಂತು ರುಮಾಲು ಸರಿಯಾಗಿ ಸುತ್ತಿಕೊಳ್ಳುತ್ತಿದ್ದ. ಬರಿದಲೆಯಲ್ಲಿ ನಿಲ್ಲುವುದು ಅವನಿಗೆ ಮರ್ಯಾದೆಗೇಡು. ಇಲ್ಲಿ ನೋಡಿದರೆ ತಲೆಯ ಬಟ್ಟೆ ಕೈಗೆ ಬರುತ್ತದೆ, ಬಾಯಿಗೆ ಬೀಗ ಬೀಳುತ್ತದೆ.

ಮನೆಗೆ ಬಂದು ಗಿರಿಜಕ್ಕನನ್ನು ಕೇಳಿದೆ. “ಅಕ್ಕಾರ, ನಾ ಹೇಳಿದ್ದು ಅವರಿಗೆ ತಿಳೀತೇನ್ರಿ?”

“ತಿಳಿಯದೆ ಎಂತ? ಗಂಜಿ ತಣಿತಾ ಉಂಟು, ಊಟ ಮಾಡಿ.”

ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಇಲ್ಲಿಗೆ ಬಂದ ಹೊಸತರಲ್ಲಿ ಈ ನೀರುನೀರಾದ ಊಟ ನೋಡಿ ಅತ್ತದ್ದುಂಟು. ಈಗ ಹೊಟ್ಟೆಗೆ ಒಗ್ಗಿದೆ, ಆದರೆ ಊಟದ ಹೊತ್ತಿನ ಮೌನ ಒಗ್ಗಿಲ್ಲ. ನಾನು ದಿನದ ಕಥೆಯನ್ನೆಲ್ಲ ಹೇಳುತ್ತೇನೆ, ಗಿರಿಜಕ್ಕ ತಟ್ಟೆ ನೋಡುತ್ತ ಉಣ್ಣುತ್ತಾರೆ. ಎಷ್ಟೋ ಸಲ ನನ್ನ ಮಾತು ನನಗೇ ಬೇಸರವಾಗಿ ಅರ್ಧಕ್ಕೆ ನಿಂತಿದೆ. ಇಷ್ಟು ಜನರ ನಡುವೆ ಒಂಟಿಯಾಗುವುದು ಹೇಗೆಂದು ನನಗೆ ಕಲಿಸಿದ್ದೇ ಆ ಮೌನ.

ಮಾರನೆಯ ಮುಂಜಾನೆ ಎದ್ದು ಗುಡ್ಡದ ಕಡೆ ನೋಡಿದೆ. ಒಂದು ಲೈಟೂ ಇರಲಿಲ್ಲ. ಸಣ್ಣಗೆ ಮಳೆ ಹನಿಯುತ್ತಿತ್ತು. ಮಳೆ ಬಂದರೆ ಟ್ಯಾಪಿಂಗ್ ಇಲ್ಲ ಎಂಬುದು ನನಗೂ ಗೊತ್ತಾಗಿತ್ತು. ಅದರ ಮರುದಿನವೂ ಹನಿ, ಅಂದೂ ಲೈಟಿಲ್ಲ. ಮಳೆರಾಯ ನನ್ನ ಮಾನ ಕಾಯುತ್ತಿದ್ದಾನೆ, ಬಿಸಿಲು ಬಂದ ದಿನ ಇವರೆಲ್ಲ ಹೊರಡುತ್ತಾರೆ ಎಂದೇ ನನ್ನ ಲೆಕ್ಕ. ಅಷ್ಟರಲ್ಲಿ ಹೊಳೆಯ ಈಚೆ ಬದಿಯಲ್ಲಿ ನನಗೆ ಹಸಿ ಲದ್ದಿ ಕಂಡಿತು. ಆನೆ ಇಲ್ಲೇ ಇತ್ತು, ಮೋಡ ಚದುರುತ್ತಿತ್ತು. ಇನ್ನು ತಡೆಯಲಾಗದು ಎಂದು ಅಂದು ಸಂಜೆ ಮತ್ತೆ ಎಲ್ಲರನ್ನೂ ಜಗಲಿಗೆ ಕರೆಸಿದೆ.

ಮತ್ತೆ ಲುಂಗಿಗಳು ಇಳಿದವು, ಬೈರಾಸುಗಳು ಕೈಗೆ ಬಂದವು. ಮತ್ತೆ ಅದೇ ಕಲ್ಲಿನಂಥ ಮುಖಗಳು. ಊರಿನ ಹಿರಿಯರಾದ ಮೋನಪ್ಪಣ್ಣ ಹಿಂದಿನ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದರು. ನಾನು ಹೇಳಿದ್ದನ್ನೇ ಹೇಳಿದೆ. ಸದ್ದಿಲ್ಲ. ಹೊಟ್ಟೆಯೊಳಗಿನ ಭಯವೆಲ್ಲ ಸಿಟ್ಟಾಗಿ ಬಾಯಿಗೆ ಬಂತು.

“ಬಾಯಿ ಇಲ್ಲೇನ್ರಿ ನಿಮಗ? ನಾ ಯಾರ ಸಲುವಾಗಿ ಒದರಾಕತ್ತೀನಿ? ನಾಳೆ ಹೊತ್ತು ಹೊಂಡೂಕಿಂತ ಮೊದಲ ಯಾರೂ ಹೋಗೂದಿಲ್ಲ ಅಂತ ಹೇಳ್ರಿ. ಹೂಂ ಅನ್ರಿ!”

ಮೋನಪ್ಪಣ್ಣ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. “ಅಲ್ಲ ಮೇಡಂ, ಆನೆ ನಿನ್ನೆ ಹೊಳೆ ದಾಟಿ ಆಚೆ ಹೋಗಿದೆ ಅಂತ...”

“ಅದೆಲ್ಲಾ ಆಮ್ಯಾಲ. ಮೊದಲ ಹೂಂ ಅನ್ರಿ.”

ಮೋನಪ್ಪಣ್ಣ ಬಗ್ಗಿ ತಮ್ಮ ಲುಂಗಿಯನ್ನು ಎತ್ತಿ ಮೊಣಕಾಲಿಗೆ ಮಡಚಿ ಕಟ್ಟಿದರು. ಉಳಿದವರೂ ಕಟ್ಟಿದರು. “ಹೌದು ಮೇಡಂ! ಆಯ್ತು ಮೇಡಂ!” ಎಂದು ಎಲ್ಲರೂ ಒಂದೇ ದನಿಯಲ್ಲಿ, ಗಟ್ಟಿಯಾಗಿ ಹೇಳಿದರು. ನನ್ನ ಎದೆ ಹಗುರಾಯಿತು. ಕಡೆಗೂ ಈ ಜನರ ಬಾಯಿ ಬಿಡಿಸಿದೆನಲ್ಲ ಎಂದು ಹೆಮ್ಮೆಯಿಂದಲೇ ಮನೆಗೆ ನಡೆದೆ. ಗಿರಿಜಕ್ಕ ಅಂದು ನನಗಿಂತ ಮೊದಲೇ ಊಟ ಮುಗಿಸಿ ಬಾಗಿಲು ಹಾಕಿಕೊಂಡಿದ್ದರು.

ಮುಂಜಾನೆ ಆಕಾಶ ಶುಭ್ರವಾಗಿತ್ತು. ಹೊರಗೆ ಬಂದು ಗುಡ್ಡದ ಕಡೆ ನೋಡಿದೆ. ರಬ್ಬರ್ ಸಾಲುಗಳ ತುಂಬ ಲೈಟು. ಮೇಲಿನ ಸಾಲಿನಲ್ಲಿ, ಕೆಳಗಿನ ಸಾಲಿನಲ್ಲಿ, ಎಲ್ಲ ಕಡೆ. ಗಿರಿಜಕ್ಕನ ಬಾಗಿಲಿಗೂ ಹೊರಗಿನಿಂದ ಚಿಲಕ ಬಿದ್ದಿತ್ತು.

ಟೋಪಿ ಹಾಕಿಕೊಂಡು ಓಡಿದೆ. ತೋಟದ ದಾರಿಯ ತಿರುವು ತಲುಪುವಾಗ ಎಡಗಡೆಯ ಕತ್ತಲಲ್ಲಿ ಮರ ಸೀಳುವ ಸದ್ದು ಕೇಳಿತು. ಆನೆಗೆ ತಾಳೆ ಜಾತಿಯ ಬೈನೆ ಮರವೆಂದರೆ ಪ್ರಾಣ. ಅದನ್ನು ಕೆಡವಿ ತಿರುಳು ತಿನ್ನುತ್ತಿತ್ತು. ಅದಕ್ಕೂ ಲೈಟುಗಳಿಗೂ ನಡುವೆ ಇದ್ದದ್ದು ನೀರು ಹರಿಯುವ ಒಂದು ಸಣ್ಣ ತೋಡು ಮಾತ್ರ. ಫೋನಿಗೆ ನೆಟ್‌ವರ್ಕ್ ಇಲ್ಲ. ಕೂಗಿದರೆ ಆನೆ ಬೆದರಿ ಯಾರ ಮೈಮೇಲೆ ಹೋಗುತ್ತದೋ ಹೇಳಲಾಗದು. ಹುಟ್ಟಿದಾಗಿನಿಂದ ಗಂಟಲನ್ನೇ ನಂಬಿ ಬದುಕಿದವಳು ನಾನು. ಆ ಗಳಿಗೆಯಲ್ಲಿ ಅದೊಂದೇ ನನ್ನ ಉಪಯೋಗಕ್ಕೆ ಬರುವಂತಿರಲಿಲ್ಲ.

ಎಲ್ಲಕ್ಕಿಂತ ಹತ್ತಿರದ ಲೈಟಿನ ಕಡೆ ತಿರುಗಿ ನಿಂತೆ. ನನ್ನ ಟಾರ್ಚನ್ನು ನನ್ನ ಮುಖಕ್ಕೇ ಹಿಡಿದುಕೊಂಡೆ. ಏಕೆಂದು ಈಗಲೂ ಹೇಳಲಾರೆ, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದೆ. ನಂತರ ಅದೇ ಕೈಯನ್ನು ಆನೆಯಿದ್ದ ಕಡೆಗೆ ಚಾಚಿ ತೋರಿಸಿ, ಟಾರ್ಚ್ ಆರಿಸಿ, ಕತ್ತಲಲ್ಲಿ ಅಲುಗದೆ ನಿಂತೆ. ಕಾಣಿಸಿತೋ ಇಲ್ಲವೋ. ಕಂಡರೂ ನಿನ್ನೆ ಅಷ್ಟು ಒದರಿದವಳ ಮಾತನ್ನು ಇವತ್ತು ಯಾರು ಕೇಳುತ್ತಾರೆ? ಆ ಲೈಟು ನನ್ನ ಕಡೆಗೇ ನೋಡುತ್ತ ನಿಂತಿತು.

ಆಮೇಲೆ ಆರಿತು. ಅದರ ಮೇಲಿನ ಸಾಲಿನದು ಆರಿತು. ಅದರ ಪಕ್ಕದ್ದು, ಅದರಾಚೆಯದು. ಒಬ್ಬರಿಂದ ಒಬ್ಬರಿಗೆ ಅದು ಹೇಗೆ ತಲುಪಿತೋ, ಒಂದು ಪಿಸುಮಾತೂ ಇಲ್ಲದೆ ಗುಡ್ಡದ ತುಂಬ ಕತ್ತಲಾಯಿತು. ಮರ ಸೀಳುವ ಸದ್ದು ನಿಂತಿತು. ಆನೆ ಕಿವಿ ನಿಮಿರಿಸಿ ಕೇಳುತ್ತಿತ್ತು, ಊರೂ ಕೇಳುತ್ತಿತ್ತು. ನನ್ನ ಉಸಿರು ನನಗೇ ಜೋರಾಗಿ ಕೇಳಿ ಹೆದರಿಕೆಯಾಯಿತು. ಎಷ್ಟೋ ಹೊತ್ತಿನ ಮೇಲೆ ತೋಡಿನ ಉದ್ದಕ್ಕೂ ಭಾರವಾದ ಹೆಜ್ಜೆಗಳು ಹೊಳೆಯ ಕಡೆ ಇಳಿದು ಹೋದವು.

ಬೆಳಕು ಹರಿದ ಮೇಲೆ ಒಬ್ಬೊಬ್ಬರೇ ಮರಗಳ ಮರೆಯಿಂದ ಬಂದರು. ಮೊದಲು ಬಂದವರು ಗಿರಿಜಕ್ಕ. ಎಲ್ಲಕ್ಕಿಂತ ಹತ್ತಿರ ಇದ್ದದ್ದು ಅವರ ಲೈಟೇ. ನನ್ನ ಮುಂದೆ ಬಂದಾಗ ಗಂಡಸರೆಲ್ಲ ಮಡಚಿ ಕಟ್ಟಿದ್ದ ಲುಂಗಿಗಳನ್ನು ಇಳಿಸಿದರು. ಯಾರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಏಕೆಂದರೆ ಬಾಯಿ ತೆರೆದರೆ ಅತ್ತುಬಿಡುತ್ತಿದ್ದೆ.

ಮನೆಯಲ್ಲಿ ಚಹಾ ಕೊಡುತ್ತ ಗಿರಿಜಕ್ಕನೇ ಮಾತು ತೆಗೆದರು. “ಎಂತ ಮಾರಾಯ್ರೆ ನೀವು! ಮೊದಲ್ನೇ ಸಲ ಹೇಳಿದ ಮೇಲೆ ಯಾರಾದ್ರೂ ಹೋಗಿದ್ರಾ?”

“ಮಳೆ ಇತ್ತಲ್ರೀ ಅಕ್ಕಾರ.”

“ಆ ಹನಿ ಮಳೆಯಾ? ಮಳೆನೀರು ಇಳಿಯದ ಹಾಗೆ ಮರಕ್ಕೆಲ್ಲ ಪ್ಲಾಸ್ಟಿಕ್ ಕಟ್ಟಿದ್ದು ಕಾಣುದಿಲ್ವಾ ನಿಮಗೆ? ಅಂಥ ಮಳೆಗೆ ನಾವು ಟ್ಯಾಪಿಂಗ್ ಬಿಡುದಿಲ್ಲ. ನೀವು ಹೇಳಿದ್ರಿ ಅಂತ ಬಿಟ್ಟದ್ದು. ಹಾಲು ಹೋದ್ರೆ ಹೋಗ್ಲಿ ಅಂತ ಕೂತವರಿಗೆ ಬಾಯಿಲ್ವಾ ಅಂತ ಬೈದ್ರಿ. ಮೋನಪ್ಪಣ್ಣ ಮಾತಾಡ್ಲಿಕ್ಕೆ ಹೊರಟ್ರೆ ಬಾಯಿ ಮುಚ್ಚಿಸಿದ್ರಿ. ಮತ್ತೆ ಶಾಲೆ ಮಕ್ಕಳ ಹಾಗೆ ಹೂಂ ಹೇಳಿಸಿದ್ರಿ. ಮರ್ಯಾದೆಗೆ ಇಳಿಸಿದ ಲುಂಗಿಯನ್ನು ಅವ್ರು ಎತ್ತಿ ಕಟ್ಟಿದ್ದು ನೋಡ್ಲಿಲ್ವಾ? ಬೈದು ಹೇಳಿಸಿದ ಹೂಂ ಬಾಯಲ್ಲೇ ಇರ್ತದೆ.”

“ಮತ್ತ ನೀವ್ಯಾಕ ಹೋದ್ರಿ?”

“ನನಗೂ ಸಿಟ್ಟು ಬರುದಿಲ್ವಾ?” ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು.

ಸಂಜೆ ಮೋನಪ್ಪಣ್ಣನ ಮನೆಗೆ ಹೋಗಿ “ತಪ್ಪಾತ್ರಿ” ಎಂದೆ. ಅವರು ನನ್ನ ಮೊದಲ ದಿನದ ಭಾಷಣವನ್ನು ಬುಡದಿಂದ ತುದಿಯವರೆಗೆ ಒಪ್ಪಿಸಿದರು. ಕಿವಿ, ಮೂಗು, ಗಾಳಿ, ಎಲ್ಲವೂ ನಾನು ಹೇಳಿದ ಸಾಲಿನಲ್ಲೇ. ಕೊನೆಗೆ, “ಒಂದು ಮಾತ್ರ. ನೀವು ಬೈನೆ ಮರವನ್ನು ಈಚಲು ಅಂದ್ರಿ. ಹೊಸಬರು, ಸಭೆಯಲ್ಲಿ ಹೇಳುದು ಬೇಡ ಅಂತ ಸುಮ್ಮನಿದ್ದೆ” ಎಂದು ನಕ್ಕರು. ನಮ್ಮ ಕಡೆ ಹೌದ್ರೀ ಹೌದ್ರೀ ಎಂದವರಲ್ಲಿ ಎಷ್ಟು ಜನ ಇಷ್ಟು ನೆನಪಿಟ್ಟಾರು ಎಂದು ಯೋಚಿಸಿದೆ. ಹಾಗೆ ಯೋಚಿಸಿದ್ದಕ್ಕೆ ಅಜ್ಜನ ನೆನಪಾಗಿ ಸಂಕಟವೂ ಆಯಿತು. ಅಜ್ಜನ ಕಥೆಗಳು ನನ್ನ ಹೂಂ ಇಲ್ಲದೆ ಒಂದು ಹೆಜ್ಜೆಯೂ ನಡೆಯುತ್ತಿರಲಿಲ್ಲ ಎಂಬುದೂ ನಿಜ.

ಕಾಡಿಗಟ್ಟುವ ತಂಡ ಬಂತು, ಸಲಗ ಹೊಳೆಯಾಚೆಗೆ ಹೋಯಿತು, ಗುಡ್ಡದ ಮೇಲೆ ಮತ್ತೆ ಲೈಟುಗಳು ಕಾಣಿಸಿದವು. ಆಮೇಲೊಂದು ದಿನ ಕೆಲಸದಿಂದ ಬಂದು ಜಗಲಿ ಹತ್ತುವಷ್ಟರಲ್ಲಿ ಅವ್ವನ ಫೋನ್ ಬಂತು.

“ಈ ವರ್ಷ ವರ್ಗಾ ಮಾಡಿಸಿಕೊಂಡು ಬಂದಬಿಡು ನಮ್ಮವ್ವಾ. ಆನಿ ಗೀನಿ ಅಂತ ಕೇಳಿದ ಮ್ಯಾಲ ನನಗ ನಿದ್ದಿ ಹತ್ತವಲ್ದು. ಮನಿ ಬಣಾ ಬಣಾ ಅಂತದ. ನಿನ್ನ ಮಾತಿಲ್ಲದ ಈ ಮನ್ಯಾಗ ಹೆಂಗ ಇರೂದು ಹೇಳು?”

ಒಂದೊಂದು ಮಾತೂ ಎದೆಗೆ ಇಳಿಯುತ್ತಿತ್ತು. ನಾನು ಅಲುಗದೆ ಕೇಳುತ್ತಿದ್ದೆ. ನೋಡಿಕೊಂಡರೆ ತಲೆಯ ಟೋಪಿ ಯಾವಾಗಲೋ ಕೈಗೆ ಬಂದಿತ್ತು.

“ಯಾಕ ಸುಮ್ನಾದಿ? ಕೇಳಾಕತ್ತೀಯೋ ಇಲ್ಲೋ? ಸುಮ್ನಾದಿ ಅಂದ್ರ ಬರೂದಿಲ್ಲ ಅಂತ ಅಲ್ಲೇನು?”

ಅವ್ವನ ಊರಿನಲ್ಲಿ ಸುಮ್ಮನಿದ್ದರೆ ಒಲ್ಲೆ ಎಂದರ್ಥ. ಈ ಊರಿನಲ್ಲಿ ಸುಮ್ಮನಿದ್ದರೆ ನಿನ್ನ ಮಾತನ್ನು ತೆಗೆದುಕೊಂಡೆ ಎಂದರ್ಥ. ನಾನು ಸುಮ್ಮನಿದ್ದದ್ದು ಯಾವ ಊರಿನವಳಾಗಿ ಎಂದು ನನಗೇ ತಿಳಿಯಲಿಲ್ಲ. ಒಳಗೆ ಗಿರಿಜಕ್ಕ ಪಾತ್ರೆ ತೊಳೆಯುವ ಸದ್ದು ನಿಂತುಹೋಗಿತ್ತು.

“ಹೂಂ ಅನ್ನವ್ವಾ ತಾಯಿ,” ಎಂದಳು ಅವ್ವ.

“ಹೂಂ” ಎಂದೆ.

ಅವ್ವನಿಗೆ ಸಮಾಧಾನವಾಯಿತು. ಗಿರಿಜಕ್ಕ ಹೊರಗೆ ಬಂದು, ಏನೂ ಕೇಳದೆ, ನನ್ನ ಪಕ್ಕ ಜಗಲಿಯ ಮೇಲೆ ಕೂತರು. ನಾನಂದ ಹೂಂ ಇನ್ನೂ ಬಾಯಲ್ಲೇ ಇತ್ತು.